ಕೆಂಪು ಬಾವುಟದ ಅಕ್ಕ

ಸಂಜೆಯ ಹೊತ್ತಿಗೆ ಅಕ್ಕನ ಕಣ್ರೆಪ್ಪೆಗಳು ಸಿಮೆಂಟಿನ ಧೂಳು ಕೂತು ಬೆಳ್ಳಗಾಗಿರುತ್ತಿದ್ದವು. ಸೆರಗಿನಿಂದ ಎಷ್ಟು ಒರೆಸಿಕೊಂಡರೂ ರೆಪ್ಪೆಯ ಧೂಳು ಹೋಗುತ್ತಿರಲಿಲ್ಲ. ಸೀರೆಯ ಮೇಲೆ ಹಸಿರು ಜಾಕೆಟ್, ತಲೆಗೆ ಹೆಲ್ಮೆಟ್, ಬಾಯಲ್ಲಿ ಸೀಟಿ, ಕೈಯಲ್ಲಿ ಕೆಂಪು ಬಾವುಟ. ಬಿ.ಟಿ.ಎಂ. ಲೇಔಟಿನ ನಮ್ಮ ಬೀದಿ ಮುಖ್ಯರಸ್ತೆಗೆ ಸೇರುವ ತಿರುವಿನಲ್ಲಿ ಮೆಟ್ರೊ ಕಂಬಗಳ ಕೆಲಸ ನಡೆಯುತ್ತಿತ್ತು. ಅಲ್ಲಿ ವಾಹನ ತಡೆದು ಜನರನ್ನು ದಾಟಿಸಲು ಗುತ್ತಿಗೆದಾರರು ಇಟ್ಟುಕೊಂಡಿದ್ದ ಹೆಂಗಸು ಅವರು.

ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ ನಿಲ್ಲುವ ಹೆಂಗಸಿಗೆ ಒಂದು ಶೌಚಾಲಯವಿರಲಿಲ್ಲ. ಒಂದು ದಿನ ನಮ್ಮ ಗೇಟಿನ ಬಳಿ ನಿಂತು, ಸಂಕೋಚದಿಂದ ಅಮ್ಮನನ್ನು ಕೇಳಿದರು. ಅಂದಿನಿಂದ ಮಧ್ಯಾಹ್ನ ನಮ್ಮ ಬಾಗಿಲು ಅವರಿಗಾಗಿ ತೆರೆದಿರುತ್ತಿತ್ತು. ಅಮ್ಮ ಕೊಟ್ಟ ಮಜ್ಜಿಗೆಯನ್ನು ಅರ್ಧ ಲೋಟ ಕುಡಿದು ಇಟ್ಟುಬಿಡುತ್ತಿದ್ದರು. "ಪೂರ್ತಿ ಕುಡಿದ್ರೆ ಮತ್ತೆ ಬರ್ಬೇಕಾಗುತ್ತೆ ಅಮ್ಮ. ಅಲ್ಲಿ ಜನ ನಿಂತಿರ್ತಾರೆ."

ತಿಲಕ್ ನಗರದಲ್ಲಿ ಮಗಳ ಜೊತೆ ಬಾಡಿಗೆಗಿದ್ದರು. ಮೊದಲು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ. ವಯಸ್ಸಾದವರನ್ನು ದಾಟಿಸುವಾಗ ಅಂಗೈಯನ್ನಲ್ಲ, ಮಣಿಕಟ್ಟನ್ನು ಹಿಡಿಯುತ್ತಿದ್ದರು. ಬೆವರಿದ ಅಂಗೈ ಜಾರುತ್ತದಂತೆ. ಫುಟ್‌ಪಾತ್ ಹತ್ತುವ ಬೈಕಿನವರಿಗೆ ಮಾತ್ರ ಅವರಲ್ಲಿ ದಯೆಯಿರಲಿಲ್ಲ. "ಬಾ ಗುರು, ಹಂಗೇ ನನ್ನ ತಲೆ ಮೇಲೂ ಹತ್ತಿಸ್ಕೊಂಡು ಹೋಗು" ಎಂದು ಅಡ್ಡ ನಿಲ್ಲುತ್ತಿದ್ದರು. ಮಾತಿನ ನಡುವೆ ಕೆಮ್ಮು ಬರುತ್ತಿತ್ತು. "ಧೂಳಿಗೆ ಅಷ್ಟೇ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಕುಸಿದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ಆಂಬ್ಯುಲೆನ್ಸ್ ಬಂದು ಅಮ್ಮನನ್ನು ಹತ್ತಿಸಿಕೊಂಡು ಬೀದಿಯ ತುದಿಗೆ ಹೋಗಿ ನಿಂತುಬಿಟ್ಟಿತು. ಜಯನಗರದ ಆಸ್ಪತ್ರೆ ಮೂರು ಕಿಲೋಮೀಟರ್ ಕೂಡ ಇರಲಿಕ್ಕಿಲ್ಲ. ಆದರೆ ಮುಂದೆ ಬಸ್ಸು, ಕಾರು, ಟಿಪ್ಪರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಸೈರನ್ ಕೂಗುತ್ತಲೇ ಇತ್ತು. ಯಾರೂ ಅಲುಗಾಡಲಿಲ್ಲ, ಅಲುಗಾಡಲು ಜಾಗವೂ ಇರಲಿಲ್ಲ. ನಾನು ಇಳಿದು ಓಡಿದೆ.

"ಅಕ್ಕ, ಅಮ್ಮಂಗೆ ಸ್ಟ್ರೋಕ್ ಆಗಿದೆ. ಏನಾದ್ರೂ ಮಾಡಿ ಅಕ್ಕ!"

ಅಕ್ಕ ನಿಂತಿದ್ದ ಕಡೆಯೇ ತಗಡಿನ ಬೇಲಿಯ ಗೇಟಿತ್ತು. ಅದರೊಳಗೆ ಕೆಲಸದ ಲಾರಿಗಳಿಗಾಗಿ ಬಿಟ್ಟ ದಾರಿ ಮುಂದಿನ ಸಿಗ್ನಲ್‌ವರೆಗೂ ಖಾಲಿಯಿತ್ತು. ಸೂಪರ್‌ವೈಸರ್ ಅಡ್ಡ ಬಂದ. "ಒಳಗೆ ಬಿಡಂಗಿಲ್ಲ, ಕ್ರೇನ್ ಓಡ್ತಿದೆ. ಮೇಲಿನೋರ್ನ ಕೇಳ್ತೀನಿ, ಎರಡು ನಿಮಿಷ."

"ನೀವು ಕೇಳ್ತಾ ಇರಿ ಸಾರ್" ಎನ್ನುತ್ತ ಅಕ್ಕ ಗೇಟನ್ನು ಎಳೆದು ತೆಗೆದರು. ನಾನು ಮತ್ತೆ ಹತ್ತಿಕೊಳ್ಳುತ್ತಲೇ ಆಂಬ್ಯುಲೆನ್ಸ್ ತಿರುಗಿ ಒಳಗೆ ನುಗ್ಗಿತು. ಅದರ ಮುಂದೆ ಅಕ್ಕ ಬಾವುಟ ಎತ್ತಿ, ಸೀಟಿ ಊದುತ್ತ ಓಡತೊಡಗಿದರು. ಕ್ರೇನಿನವನಿಗೆ ಕೈ ಮಾಡಿ ನಿಲ್ಲಿಸಿದರು, ದಾರಿಗೆ ಬಿದ್ದಿದ್ದ ಕಬ್ಬಿಣದ ಸರಳುಗಳನ್ನು ಎಳೆದುಹಾಕಿದರು, ಮತ್ತೆ ಓಡಿದರು. ಆ ಕಡೆಯ ಗೇಟು ದಾಟಿದ ಮೇಲೆ ನಾನು ಹಿಂಬದಿಯ ಗಾಜಿನಿಂದ ನೋಡಿದೆ. ಮಂಡಿಯ ಮೇಲೆ ಎರಡೂ ಕೈ ಊರಿ, ಬಗ್ಗಿ, ಕೆಮ್ಮುತ್ತಿದ್ದರು.

ಅಮ್ಮ ಉಳಿದಳು. ಬಲಗೈಯ ಬಲವೂ ಮಾತೂ ಮರಳಲಿಲ್ಲ. "ಇನ್ನೊಂದು ಸ್ವಲ್ಪ ಮುಂಚೆ ಬಂದಿದ್ರೆ..." ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು.

ವಾರದ ನಂತರ ತಿರುವಿನಲ್ಲಿ ಬೇರೊಬ್ಬರಿದ್ದರು. ಅಕ್ಕನನ್ನು ಮರುದಿನವೇ ಕೆಲಸದಿಂದ ತೆಗೆದಿದ್ದರಂತೆ. ಸೂಪರ್‌ವೈಸರ್ ಮುಂದೆ ಹೋಗಿ ಅತ್ತು ಬೇಡಿಕೊಂಡೆ, ಅಕ್ಕನನ್ನು ವಾಪಸು ತೆಗೆದುಕೊಳ್ಳಿ ಎಂದು ಕಾಗದ ಬರೆದುಕೊಟ್ಟೆ. "ಕ್ರೇನಿಂದ ಏನಾದ್ರೂ ಬಿದ್ದಿದ್ರೆ ನಿಮ್ಮಮ್ಮನೂ ಇರ್ತಿರ್ಲಿಲ್ಲ ಮೇಡಂ" ಎಂದ.

ವಿಳಾಸ ಹುಡುಕಿಕೊಂಡು ತಿಲಕ್ ನಗರಕ್ಕೆ ಹೋದೆ. ಒಂದೇ ಕೋಣೆಯ ಮನೆ. ಅಕ್ಕ ಗೋಡೆಗೆ ಒರಗಿ ಕೂತಿದ್ದರು, ಬಹಳ ಇಳಿದುಹೋಗಿದ್ದರು. ಕೆಲಸದ ಮಾತು ಎತ್ತಲು ಬಿಡಲಿಲ್ಲ.

"ಅಮ್ಮ ಹೆಂಗಿದಾರೆ? ಮಾತಾಡ್ತಾರಾ?"

"ಇಲ್ಲ ಅಕ್ಕ. ಸ್ವಲ್ಪ ಲೇಟಾಯ್ತಂತೆ."

ಅವರು ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ, "ಆ ಸರಳುಗಳ ಹತ್ರ ಟೈಮ್ ಹೋಯ್ತು. ನಾನು ಇನ್ನೊಂಚೂರು ಜೋರಾಗಿ ಓಡ್ಬೇಕಿತ್ತು ಮೇಡಂ" ಎಂದರು.

"ಹಂಗನ್ಬೇಡಿ ಅಕ್ಕ, ನೀವು ಮಾಡಿದ್ದೇ ಹೆಚ್ಚು" ಎಂದೆ. ಅಷ್ಟೇ ಎಂದೆ.

ಹೇಳಬೇಕಾಗಿದ್ದು ಬೇರೆಯೇ ಇತ್ತು. ಅಂದು ಕುಸಿಯುವುದಕ್ಕೂ ಅರ್ಧ ಗಂಟೆ ಮೊದಲು ಅಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದು, "ಬಲಗೈ ಯಾಕೋ ಜೋಮು ಹಿಡಿದಂಗಿದೆ ಕಣೇ" ಎಂದಿದ್ದಳು. ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಸ್ವಲ್ಪ ಕೂತ್ಕೋ ಅಮ್ಮ, ಮುಗಿಸಿ ಬರ್ತೀನಿ" ಎಂದಿದ್ದೆ. ಹೋದ ಹೊತ್ತು ರಸ್ತೆಯಲ್ಲಿ ಮಾತ್ರ ಹೋದದ್ದಲ್ಲ.

ಮುಂದಿನ ಸಲ ಹೇಳೋಣವೆಂದುಕೊಂಡೆ. ಎರಡು ತಿಂಗಳಾದ ಮೇಲೆ ಅವರ ಮಗಳು ಫೋನ್ ಮಾಡಿದಳು. ಎದೆಯ ಸೋಂಕು ಏರಿ, ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಅಕ್ಕ ತೀರಿಕೊಂಡಿದ್ದರು. ತಾನು ನಿಧಾನವಾಗಿ ಓಡಿದೆನೆಂದು ನಂಬಿಕೊಂಡೇ ಅವರು ಹೋದರು.