ಮುಂದಿನ ಸೀಟಿನ ಅರ್ಸೆನ್

ಅರ್ಸೆನ್ ಗಾಬೊರಿ ಮೂವತ್ತಾರು ವರ್ಷ ರಸ್ತೆಯ ಗುಂಡಿ ಮುಚ್ಚಿದವನು. ನಿಯೋರ್ ಪಟ್ಟಣದ ಸುತ್ತಲಿನ ಹಳ್ಳಿರಸ್ತೆಗಳಲ್ಲಿ ಅವನ ಸಲಿಕೆ ತಾಗದ ಜಾಗವೇ ಇರಲಿಲ್ಲ. ಮಾತು ಬಲು ಕಡಿಮೆ. ಊಟಕ್ಕೆ ಕೂತಾಗ ‘ಉಪ್ಪು ಈ ಕಡೆ ಕೊಡು’ ಎಂದನೆಂದರೆ ಅವತ್ತು ಗಂಡ ಹರಟೆ ಹೊಡೆದ ಎಂದೇ ಹೆಂಡತಿ ಮಾರ್ತ್ ಲೆಕ್ಕ ಹಿಡಿಯುತ್ತಿದ್ದಳು.

ಅಂಥವನನ್ನು ಸೈಕಲ್ ಸಂಘಕ್ಕೆ ಎಳೆತಂದವಳು ಯೊಲಾಂದ್. ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಗಿದ್ದ ಅವಳಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಸಂಘದಲ್ಲಿದ್ದವೆಲ್ಲ ಜೋಡಿ ಸೈಕಲ್ಲುಗಳೇ. ಹ್ಯಾಂಡಲ್, ಬ್ರೇಕು ಹಿಡಿದು ಮುಂದೆ ಕೂರುವವರು ಕಣ್ಣಿದ್ದವರು; ಹಿಂದೆ ಕೂತು ಪೆಡಲ್ ತುಳಿಯುವವರು ಕಣ್ಣಿಲ್ಲದವರು. ಮೇ ತಿಂಗಳ ಒಂದು ರಜಾದಿನ, ಮಳೆಗೆ ಕೊಚ್ಚಿಹೋದ ರಸ್ತೆಯಂಚನ್ನು ಅರ್ಸೆನ್ ತುರ್ತಾಗಿ ಕಟ್ಟುತ್ತಿದ್ದಾಗ ಆ ಸೈಕಲ್ಲುಗಳು ಅಲ್ಲಿ ಬಂದು ನಿಂತವು.

“ಈ ರಸ್ತೆ ಹಾಕಿದ್ದು ಯಾರು?” ಹಿಂದಿನ ಸೀಟಿನಿಂದ ಒಂದು ಹೆಣ್ಣುದನಿ ಕೇಳಿತು.

“ಯಾಕೆ?”

“ಸೇತುವೆ ತನಕ ಬೆಣ್ಣೆ ಮೇಲೆ ಬಂದಂಗಿತ್ತು. ಅಲ್ಲಿಂದ ಈಚೆಗೆ ನನ್ನ ಹಲ್ಲೆಲ್ಲ ಅಲ್ಲಾಡಿಹೋಯ್ತು.”

“ಸೇತುವೆ ತನಕ ನಾನೇ ಹಾಕಿದ್ದು. ಈಚೆಗಿಂದು ನಂದಲ್ಲ.”

ಅವಳು ನಕ್ಕಳು. “ಹಾಗಾದ್ರೆ ನಿಮಗೆ ರಸ್ತೆ ಗೊತ್ತು. ನನ್ನ ಮುಂದೆ ಕೂರೋ ಮಹಾಶಯ ಮುಂದಿನ ತಿಂಗಳು ಊರು ಬಿಡ್ತಾನೆ. ಬರ್ತೀರಾ?”

ಹನ್ನೊಂದು ವರ್ಷ ಅವನು ಅವಳ ಮುಂದಿನ ಸೀಟಿನಲ್ಲಿ ಕೂತ. ಮುಂದೆ ಕೂತವನು ಸುಮ್ಮನಿರುವ ಹಾಗಿಲ್ಲ. ತಿರುವು, ಗುಂಡಿ, ಏರು, ಇಳಿಜಾರು ಎಲ್ಲವನ್ನೂ ಮುಂಚೆಯೇ ಹೇಳಬೇಕು. ಮೊದಲು ಅಷ್ಟನ್ನೇ ಹೇಳುತ್ತಿದ್ದವನು ಬರಬರುತ್ತ ಗೋಧಿ ಎಷ್ಟು ಎತ್ತರ ಬೆಳೆದಿದೆ, ಯಾರ ಮನೆಯ ಕಿಟಕಿಗೆ ಹೊಸ ಬಣ್ಣ ಬಂದಿದೆ, ಯಾವ ಅಜ್ಜಿ ಯಾವ ನಾಯಿಗೆ ಬೈಯುತ್ತಿದ್ದಾಳೆ ಎಂದೆಲ್ಲ ಹೇಳತೊಡಗಿದ. ಮನೆಯಲ್ಲಿ ಮೂಗನಂತಿದ್ದವನು ಸೈಕಲ್ ಮೇಲೆ ಮಾತಿನ ಮಲ್ಲನಾದ. ಮಾರ್ತ್‌ಗೆ ಇದು ತಿಳಿದಾಗ ಕೊಂಚ ಬೇಸರವಾಗದೆ ಇರಲಿಲ್ಲ.

ಹನ್ನೊಂದನೆಯ ವರ್ಷದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯ ಗೋಡೆ ಗಡಿಯಾರದ ಮುಳ್ಳುಗಳು ಅರ್ಸೆನ್ನಿಗೆ ಕಾಣಲಿಲ್ಲ. ಗಡಿಯಾರದ ಅಂಚು ಕಾಣುತ್ತಿತ್ತು, ನಡುವೆ ಹೆಬ್ಬೆಟ್ಟಿನಷ್ಟು ಬೂದಿ ಬಣ್ಣದ ಕಲೆ. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ ಎಂದರು ವೈದ್ಯರು. ಪಕ್ಕದ್ದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ, ಸರಿಹೋಗುವ ಕಾಯಿಲೆಯಲ್ಲ. “ಕಾರು ಬಿಡಬೇಡಿ,” ಎಂದರು. ಸೈಕಲ್ಲಿನ ಮಾತು ಅವರು ಎತ್ತಲಿಲ್ಲ, ಅವನೂ ಕೇಳಲಿಲ್ಲ. ತನಗೆ ಬೆನ್ನುನೋವು ಎಂದು ಹೇಳಿ ಕಾರಿನ ಕೀಲಿಯನ್ನು ಮಾರ್ತ್‌ಗೆ ಕೊಟ್ಟುಬಿಟ್ಟ.

ವಸಂತದ ಭಾನುವಾರಗಳು ಹೇಗೋ ಕಳೆದವು. ತನ್ನ ಕೈಯಾರೆ ಕಟ್ಟಿದ ರಸ್ತೆಗಳು. ಎಲ್ಲಿ ಏನಿದೆಯೆಂದು ಕಾಲಿಗೇ ಗೊತ್ತಿತ್ತು. ಕಾಣದ್ದನ್ನು ನೆನಪಿನಿಂದ ಹೇಳಿದ. ಮೂರು ವರ್ಷದ ಹಿಂದೆ ಕಡಿದುಹಾಕಿದ್ದ ಆಕ್ರೋಟು ಮರವೊಂದು ಹೂ ಬಿಟ್ಟಿದೆ ಎಂದೂ ಒಂದು ದಿನ ಹೇಳಿಬಿಟ್ಟ. ಯೊಲಾಂದ್ “ಹೌದಾ” ಎಂದಳು, ಅಷ್ಟೇ.

ಜೂನ್ ಬಂತು. ಪ್ರತಿ ವರ್ಷದಂತೆ ಸಂಘದ ಒಂದು ವಾರದ ಪ್ರವಾಸ. ಎಂಟು ಜೋಡಿ ಸೈಕಲ್ಲು, ಹದಿನಾರು ಜನ, ಸಾಮಾನಿಗೆ ಒಂದು ವ್ಯಾನು. ಈ ಸಲ ಗಾರ್ತಾಂಪ್ ನದಿಯ ದಂಡೆಗುಂಟ, ಅರ್ಸೆನ್ ಎಂದೂ ಕಾಲಿಡದ ಸೀಮೆ. ಬರುವುದಿಲ್ಲ ಎನ್ನಲು ಬಾಯಿಗೆ ಬಂದಿತ್ತು. ಆದರೆ ಅವನು ಬಿಟ್ಟರೆ ಯೊಲಾಂದ್‌ಗೆ ಮುಂದೆ ಕೂರುವವರಿಲ್ಲ, ಅವಳು ಮನೆಯಲ್ಲಿ ಉಳಿಯಬೇಕು. ಹಾಗೆಂದು ತನಗೆ ತಾನೇ ಹೇಳಿಕೊಂಡ. ಯೊಲಾಂದ್‌ ಇಲ್ಲದಿದ್ದರೆ ತಾನೂ ಮನೆಯಲ್ಲೇ ಉಳಿಯಬೇಕೆಂಬುದನ್ನು ಹೇಳಿಕೊಳ್ಳಲಿಲ್ಲ.

ಸಂಘದ ಅಧ್ಯಕ್ಷ ಗಿಸ್ಲೇನ್ ಕಾರ್ಖಾನೆಯಲ್ಲಿ ಲೇತ್ ಯಂತ್ರ ಓಡಿಸಿ ನಿವೃತ್ತನಾದವನು. ದಿನಾ ಬೆಳಿಗ್ಗೆ ಎಂಟೂ ಸೈಕಲ್ಲಿನ ಬ್ರೇಕು, ಚೈನು, ಗಾಳಿಯನ್ನು ತಾನೇ ಮುಟ್ಟಿ ನೋಡದೆ ಯಾರನ್ನೂ ಹೊರಡಲು ಬಿಡುತ್ತಿರಲಿಲ್ಲ. ಅವನ ಹಿಂದೆ ಕೂರುವ ಫೆರ್ನಾಂ ವಯಸ್ಸಾದ ಕುರುಡ, ನಾಲಿಗೆ ಮಾತ್ರ ಹರಿತ. “ನನ್ನ ಹೆಂಡ್ತಿ ಬದುಕಿದ್ದಾಗಲೂ ನನ್ನ ಮೇಲೆ ಇಷ್ಟು ಕೈಯಾಡಿಸಿರ್ಲಿಲ್ಲ, ಇವನು ಸೈಕಲ್ ಮೇಲೆ ಆಡಿಸೋ ಅಷ್ಟು,” ಎನ್ನುತ್ತಿದ್ದ.

ಎರಡು ದಿನ ಅರ್ಸೆನ್ ಮುಂದಿನ ಸೈಕಲ್ಲಿನವರ ಹಳದಿ ಅಂಗಿಯನ್ನು ಕಣ್ಣಂಚಿನಲ್ಲಿ ಹಿಡಿದುಕೊಂಡು ನಡೆಸಿದ. ಹೊಲಗದ್ದೆಗಳನ್ನು ತಾನೇ ಹುಟ್ಟಿಸಿದ. ಇಲ್ಲದ ಕೆಂಪು ಟ್ರಾಕ್ಟರು, ಇಲ್ಲದ ಬಾತುಕೋಳಿ ಹಿಂಡು. ಮೂರನೆಯ ದಿನ ಒಂದು ತಿರುವಿನಲ್ಲಿ ಯೊಲಾಂದ್ ಮೂಗರಳಿಸಿದಳು. “ಏನೋ ಸುಟ್ಟ ವಾಸನೆ?”

“ಯಾರೋ ಕಸ ಸುಡ್ತಿದ್ದಾರೆ. ಪಕ್ಕದಲ್ಲಿ ಒಂದು ಒಳ್ಳೇ ಕಲ್ಲಿನ ಕೊಟ್ಟಿಗೆ ಇದೆ ನೋಡು, ಗೋಡೆ ತುಂಬ ಗುಲಾಬಿ ಬಳ್ಳಿ.”

ಮಧ್ಯಾಹ್ನ ನದಿದಂಡೆಯಲ್ಲಿ ಬುತ್ತಿ ಬಿಚ್ಚಿದರು. ಬ್ರೆಡ್ಡು, ಮೇಕೆಹಾಲಿನ ಚೀಸು, ಖರಬೂಜ, ಕೆಂಪು ವೈನು. ಬ್ರೆಡ್ಡು ಮುರಿಯುತ್ತ ಗಿಸ್ಲೇನ್ ಹೇಳಿದ: “ಪಾಪ, ಆ ತಿರುವಿನ ಕೊಟ್ಟಿಗೆ. ಛಾವಣಿ ಪೂರ್ತಿ ಹೋಗಿದೆ. ಕರಿ ತೊಲೆ ಮಾತ್ರ ನಿಂತಿವೆ. ಮೊನ್ನೆ ಮೊನ್ನೆ ಸುಟ್ಟಿರ್ಬೇಕು.”

ಯೊಲಾಂದ್‌ಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಅವಳು ಅರ್ಸೆನ್ ಕೂತ ಕಡೆ ಮುಖ ತಿರುಗಿಸಿದಳು. ಅವನು ಚೀಸಿನ ಸಿಪ್ಪೆ ಸುಲಿಯುತ್ತಲೇ ಇದ್ದ.

ಅಂದೇ ನಾಲ್ಕು ಗಂಟೆಗೆ ಇಳಿಜಾರೊಂದರಲ್ಲಿ ಊರೊಂದನ್ನು ಪ್ರವೇಶಿಸುವಾಗ ಅದು ನಡೆಯಿತು. ದಟ್ಟ ಮರಗಳ ನೆರಳು. ಹಳದಿ ಅಂಗಿ ನೆರಳಿನಲ್ಲಿ ಕರಗಿಹೋಯಿತು. ವಾಹನಗಳ ವೇಗ ತಗ್ಗಿಸಲು ರಸ್ತೆಯ ನಡುವೆ ಕಟ್ಟಿದ ಕಾಂಕ್ರೀಟ್ ದಿಣ್ಣೆಯೊಂದು ಅವನ ಕಣ್ಣಿನ ಬೂದಿಯೊಳಗೆ ಸಂಪೂರ್ಣ ಅಡಗಿತ್ತು. ಅಂಥ ಇಪ್ಪತ್ತು ದಿಣ್ಣೆಗಳನ್ನು ಅವನೇ ಕಟ್ಟಿದ್ದ. ಚಕ್ರ ಅದಕ್ಕೆ ನೇರವಾಗಿ ಬಡಿಯಿತು. ಅವನು ಹುಲ್ಲಿಗೆ ಬಿದ್ದ, ಮೊಣಕಾಲು ತರಚಿತು. ಯೊಲಾಂದ್ ಕಲ್ಲಿನ ಮೇಲೆ ಎಡಗೈ ಊರಿ ಬಿದ್ದಳು.

ಗಿಸ್ಲೇನ್ ಓಡಿಬಂದ. “ಏನಾಯ್ತೋ?”

“ಬ್ರೇಕ್ ಹಿಡೀಲಿಲ್ಲ,” ಎಂದ ಅರ್ಸೆನ್.

ಬಾಯಿಂದ ಬಂದದ್ದು ನಿಜವೇ. ಆದರೆ ಗಿಸ್ಲೇನ್‌ಗೆ ಕೇಳಿಸಿದ್ದು ಬೇರೆ. ಬ್ರೇಕು ಕೈಕೊಟ್ಟಿತು ಎಂದು ಅವನು ತಿಳಿದ. ಅವನ ಮುಖದ ರಕ್ತ ಇಳಿದುಹೋದದ್ದು ಅರ್ಸೆನ್‌ನ ಕಣ್ಣಂಚಿಗೂ ಕಂಡಿತು. ತಿದ್ದಬೇಕಾದ ಗಳಿಗೆ ಅದೇ. ಅರ್ಸೆನ್ ತಿದ್ದಲಿಲ್ಲ. ಆಂಬುಲೆನ್ಸ್ ಬಂತು, ಯೊಲಾಂದ್‌ಳನ್ನು ಕರೆದೊಯ್ದಿತು.

ಸಂಜೆ ತಂಗಿದ್ದ ಮನೆಯ ಅಂಗಳದಲ್ಲಿ ಗಿಸ್ಲೇನ್ ಹಳೇ ಪೇಪರ್ ಹಾಸಿ ಬ್ರೇಕನ್ನು ಬಿಚ್ಚತೊಡಗಿದ. ಅರ್ಸೆನ್ ಪಕ್ಕದಲ್ಲಿ ಕೂತು ಅವನು ಕೇಳಿದ ಸ್ಪ್ಯಾನರ್ ಎತ್ತಿಕೊಟ್ಟ. “ತಂತಿ ಸರಿಯಾಗೇ ಇದೆಯಲ್ಲೋ,” ಎಂದು ಗಿಸ್ಲೇನ್ ಮತ್ತೆ ಮತ್ತೆ ಗೊಣಗಿದ. ಯಾರು ಕರೆದರೂ ಊಟಕ್ಕೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಅರ್ಸೆನ್ ಆಸ್ಪತ್ರೆಗೆ ಹೋದ. ಯೊಲಾಂದ್‌ಳ ಎಡಗೈ ಮೊಣಕೈ ತನಕ ಪ್ಲಾಸ್ಟರಿನಲ್ಲಿತ್ತು.

“ಅರ್ಸೆನ್ ತಾನೇ? ಕೂತ್ಕೊ,” ಎಂದಳು. “ಬ್ರೇಕ್ ಹಿಡೀಲಿಲ್ಲ ಅಂದ್ಯಲ್ಲ. ಯಾರು ಹಿಡೀಲಿಲ್ಲ? ಬ್ರೇಕಾ, ನೀನಾ?”

ಅವನು ಕೂತ. “ನಾನು. ನವೆಂಬರಿಂದ ಕಣ್ಣು ಸರಿ ಇಲ್ಲ.”

“ಈಸ್ಟರ್ ಹೊತ್ತಿಗೇ ಗೊತ್ತಾಗಿತ್ತು ನನಗೆ. ಬೆಳಕಿಂದ ನೆರಳಿಗೆ ಹೋದಾಗೆಲ್ಲ ನಿನ್ನ ಬೆನ್ನು ಗಟ್ಟಿಯಾಗ್ತಿತ್ತು. ಹಿಂದೆ ಕೂತವಳಿಗೆ ಗೊತ್ತಾಗಲ್ವಾ?”

“ಮತ್ಯಾಕೆ ಸುಮ್ನಿದ್ದೆ?”

“ಹೇಳಿದ್ರೆ ನಿನ್ನ ಇಳಿಸ್ತಿದ್ರು. ಮುಂದೆ ಕೂರೋರು ಸಿಗ್ಲಿ ಅಂತ ಈಗಾಗ್ಲೇ ನಾಕು ಜನ ಕಾಯ್ತಾ ಕೂತಿದ್ದಾರೆ, ಐದನೆಯವಳು ನಾನಾಗ್ತಿದ್ದೆ. ಬಂದವನೂ ಎಡ, ಬಲ ಅಂತಷ್ಟೇ ಹೇಳ್ತಾನೆ. ನನಗೂ ಆಸೆ ಇತ್ತಪ್ಪ. ಅದಕ್ಕೇ ಕೈ ಮುರಿದಿದ್ದಕ್ಕೆ ನಿನ್ನೊಬ್ಬನ್ನೇ ಬೈಯಲ್ಲ. ಕೊಟ್ಟಿಗೆ ಮಾತು ಕೇಳಿದ ಮೇಲೂ ನಿನ್ನ ಹಿಂದೆ ಹತ್ತಿದವಳು ನಾನೇ.” ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಸರಿಸಿಕೊಂಡಳು. “ಆದ್ರೆ ಗಿಸ್ಲೇನ್ ಏನು ಮಾಡಿದ್ದ? ಬೆಳಿಗ್ಗೆ ಫೋನ್ ಮಾಡಿ ಕ್ಷಮಿಸು ಅಂತ ಅತ್ತ. ಹೋಗಿ ಹೇಳು. ಎಲ್ಲರ ಮುಂದೆ ಹೇಳು.”

ಅಂದು ಯಾರೂ ಸೈಕಲ್ ಹತ್ತಿರಲಿಲ್ಲ. ಅಂಗಳದ ಉದ್ದ ಮೇಜಿಗೆ ಎಲ್ಲ ಊಟಕ್ಕೆ ಕೂತಾಗ ಅರ್ಸೆನ್ ನಿಂತೇ ಹೇಳಿದ. ನಾಲ್ಕೈದು ವಾಕ್ಯ. ಹೇಳುವಾಗ ಯಾರ ಮುಖವನ್ನೂ ನೋಡಲಾಗಲಿಲ್ಲ. ನೇರ ನೋಡಿದರೆ ಮುಖವಿರುವ ಜಾಗದಲ್ಲಿ ಬೂದಿ.

“ನಿನ್ನೆ ಸಂಜೆ ಸ್ಪ್ಯಾನರ್ ಎತ್ತಿಕೊಟ್ಟೋನು ನೀನೇ,” ಎಂದ ಗಿಸ್ಲೇನ್. ದನಿ ಏರಿಸಲಿಲ್ಲ. “ಪಕ್ಕದಲ್ಲಿ ಕೂತು ನೋಡ್ತಿದ್ದೆ.”

“ಹೌದು.”

ಗಿಸ್ಲೇನ್ ತಟ್ಟೆ ಬಿಟ್ಟು ಎದ್ದು ಹೋದ. ಕೊನೆಗೆ ಫೆರ್ನಾಂ ಬಾಯಿ ಬಿಟ್ಟ. “ನಮ್ಮ ಜಾತಿಗೆ ಸೇರ್ಕೊಂಡೆ ಅನ್ನು. ಹಿಂದಿನ ಸೀಟಿಗೆ ದೊಡ್ಡ ಸರದಿ ಇದೆ, ಕೊನೇಲಿ ನಿಂತ್ಕೊ.” ಯಾರೂ ನಗಲಿಲ್ಲ. ಫೋನಿನಲ್ಲಿ ಸುದ್ದಿ ಕೇಳಿದ ಮಾರ್ತ್ ಅಂದೇ ಸಂಜೆ ಕಾರು ತಂದು ಅವನನ್ನು ಕರೆದುಕೊಂಡು ಹೋದಳು. ದಾರಿಯಲ್ಲಿ ಒಂದೇ ಮಾತು ಕೇಳಿದಳು: “ನನಗಾದ್ರೂ ಹೇಳ್ಬಾರ್ದಿತ್ತಾ?”

ಯೊಲಾಂದ್‌ಳ ಮುರಿದ ಮಣಿಕಟ್ಟು ಕೂಡಿಕೊಂಡಿತು, ತೋರುಬೆರಳು ಮಾತ್ರ ಮರಗಟ್ಟಿತು. ಅವಳು ಉಬ್ಬು ಚುಕ್ಕಿಗಳ ಬ್ರೈಲ್ ಅಕ್ಷರ ಓದುತ್ತಿದ್ದದ್ದು ಆ ಬೆರಳಿನಿಂದಲೇ. ಬಲಗೈಯಲ್ಲಿ ಕಲಿಯಲು ನೋಡಿದಳು, ಕೆಲಸದ ವೇಗಕ್ಕೆ ಬರಲಿಲ್ಲ. ಎರಡು ವರ್ಷ ಮುಂಚೆಯೇ ನಿವೃತ್ತಿ ತೆಗೆದುಕೊಂಡಳು. ಈ ಸುದ್ದಿ ಅರ್ಸೆನ್‌ಗೆ ತಲುಪಿದ್ದು ಮಾರ್ತ್‌ಳಿಂದ. ಅವನು ಹಿತ್ತಲಿಗೆ ಹೋಗಿ ಕತ್ತಲಾಗುವ ತನಕ ಒಳಗೆ ಬರಲಿಲ್ಲ.

ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಗಿಸ್ಲೇನ್ ಅವನ ಮನೆಯ ದಾರಿ ತುಳಿಯಲಿಲ್ಲ. ಆಮೇಲೊಂದು ಶನಿವಾರ ಗೇಟಿನ ಬಳಿ ಬಂದು ನಿಂತ. ಚಳಿಗಾಲದಲ್ಲಿ ಫೆರ್ನಾಂ ತೀರಿಕೊಂಡಿದ್ದ.

“ಹಿಂದೆ ಭಾರ ಇಲ್ದೆ ಸೈಕಲ್ ಕುಣಿಯುತ್ತೆ,” ಎಂದ. “ಸರದೀಲಿ ಇದ್ದೋರಿಗೆಲ್ಲ ಜೋಡಿ ಸಿಕ್ಕಿದ್ದಾರೆ. ಬರ್ತೀಯಾ?”

“ಸಿಟ್ಟು ಹೋಯ್ತಾ?”

“ಇಲ್ಲ. ಬರ್ತೀಯಾ?”

ಮರುದಿನ ಅರ್ಸೆನ್ ಹಿಂದಿನ ಸೀಟಿಗೆ ಹತ್ತಿದ. ಮೊದಲ ಇಳಿಜಾರಿಗೇ ಅವನ ಬೆರಳು ಇಲ್ಲದ ಬ್ರೇಕಿಗಾಗಿ ತಡಕಾಡಿದವು. ಮುಂದೇನಿದೆಯೆಂದು ತಿಳಿಯದೆ ಬೇರೆಯವನ ಬೆನ್ನಿಗೆ ಜೀವ ಒಪ್ಪಿಸಿ ಕೂರುವುದೆಂದರೆ ಏನೆಂದು ಅವನಿಗೆ ಅರ್ಥವಾದದ್ದು ಆಗ. ಗಿಸ್ಲೇನ್ ತಿರುವು, ಗುಂಡಿಯಷ್ಟನ್ನೇ ಹೇಳಿದ. ಬೇರೆ ಮಾತಿಲ್ಲ. ಹತ್ತು ಮೈಲಿಗೆ ಅರ್ಸೆನ್‌ನ ಅಂಗಿ ಬೆವರಿಗೆ ಅಂಟಿತ್ತು.

ಊಟದ ಹೊತ್ತಿಗೆ ಯೊಲಾಂದ್ ಬೆಂಚು ತಡವಿಕೊಂಡು ಬಂದು ಅವನ ಪಕ್ಕ ಕೂತಳು. ಅವಳ ಮುಂದೆ ಈಗ ಕೂರುವವನು ಒಬ್ಬ ಶಾಲಾಮಾಸ್ತರ.

“ಪುಣ್ಯಾತ್ಮ ಒಂದು ಗಳಿಗೆ ಬಾಯಿ ಮುಚ್ಚಲ್ಲ,” ಎಂದು ದೂರಿದಳು. “ಮೋಡಕ್ಕೂ ಹೆಸರು ಹೇಳ್ತಾನೆ.”

“ನಿಜ ಹೇಳ್ತಾನಲ್ಲ,” ಎಂದ ಅರ್ಸೆನ್.

“ಅದೊಂದಿದೆ,” ಎಂದಳು. ಬಲಗೈಯಿಂದ ಬ್ರೆಡ್ಡಿನ ತುಂಡೊಂದನ್ನು ಅವನತ್ತ ಚಾಚಿದಳು. ಎಡಗೈ ಮಡಿಲಲ್ಲೇ ಇತ್ತು. ಬೆರಳು ಹೇಗಿದೆಯೆಂದು ಕೇಳಬೇಕೆಂದು ಅವನು ಮನೆಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದ. ಕೇಳಲು ಆಗಲಿಲ್ಲ. ಬ್ರೆಡ್ಡು ತೆಗೆದುಕೊಂಡು ತಿನ್ನತೊಡಗಿದ.