ಗುರುವಾರದ ಕುರ್ಚಿ, ಭಾನುವಾರದ ಡಬ್ಬಿ

ಗಂಟಲಲ್ಲಿ ಏನೋ ಸಿಕ್ಕಿಹಾಕಿಕೊಂಡಿದೆ ಎಂದು ಆರು ತಿಂಗಳು ಒದ್ದಾಡಿದೆ. ತುತ್ತು ಇಳಿಯುತ್ತಿರಲಿಲ್ಲ. ಕಿವಿ-ಮೂಗು-ಗಂಟಲಿನ ಡಾಕ್ಟರು ಮೂಗಿನೊಳಗಿಂದ ಟ್ಯೂಬ್ ಇಳಿಸಿ ನೋಡಿ, "ಮೇಡಂ, ಒಳಗೆ ಏನೂ ಇಲ್ಲ. ಯಾರ ಹತ್ರಾನಾದ್ರೂ ಮನಸ್ಸು ಬಿಚ್ಚಿ ಮಾತಾಡಿ," ಎಂದು ಒಂದು ಚೀಟಿ ಬರೆದುಕೊಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಮಾತಾಡುವುದೇ ನನ್ನ ಕೆಲಸ. ಬನಶಂಕರಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಪಾಠ ಮಾಡಿಕೊಂಡು ಗಂಟಲು ಹರಿದುಕೊಂಡಿದ್ದೇನೆ.

ಆದರೂ ಹೋದೆ. ಜೆ.ಪಿ. ನಗರದಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿ. ಎರಡು ಕುರ್ಚಿ, ಒಂದು ಟೀಪಾಯಿ, ನನಗಿಂತ ಹತ್ತು ವರ್ಷ ಚಿಕ್ಕವಳಾದ ಥೆರಪಿಸ್ಟ್. ಪ್ರತಿ ಗುರುವಾರ ಸಂಜೆ ಐದಕ್ಕೆ, ಐವತ್ತು ನಿಮಿಷ. "ಮನಸ್ಸಿಗೆ ಏನು ಬರುತ್ತೋ ಅದನ್ನ ಹೇಳಿ. ಇದು ಮುಖ್ಯ, ಇದು ಅಲ್ಲ ಅಂತ ಆರಿಸೋದು ಬೇಡ," ಎಂದಳು. ಆಮೇಲೆ ಬಾಯಿ ಮುಚ್ಚಿಕೊಂಡು ಕೂತಳು.

ಇಂಥದ್ದಕ್ಕೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಉತ್ತರ ಸಿಗುವುದಿಲ್ಲ. ನಾನೋ, ಉತ್ತರ ಕೇಳಿಕೊಂಡೇ ಬದುಕಿದವಳು; ಬಾಯಿ ಬಿಡದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಅಭ್ಯಾಸ. ಇಲ್ಲಿ ನಾನೇ ಬೆಂಚು ಹತ್ತಿದಂತಾಯಿತು. ನಿದ್ದೆ ಬರುತ್ತಿಲ್ಲ ಎಂದರೆ, ಬಂದಾಗ ಎಂಥ ಕನಸು ಬೀಳುತ್ತದೆ ಎಂದು ಕೇಳುತ್ತಾಳೆ. ಏನು ಮಾಡಲಿ ಎಂದರೆ, "ನಾನೇ ಹೇಳ್ಬೇಕು ಅಂತ ಅನ್ಸುತ್ತಾ?" ಎನ್ನುತ್ತಾಳೆ. ಸರಿಯಾಗಿ ಅಳು ಬರುವ ಹೊತ್ತಿಗೆ "ಇವತ್ತಿಗೆ ನಿಲ್ಸೋಣ" ಎನ್ನುತ್ತಾಳೆ. ಮೆಟ್ಟಿಲಿಳಿಯುತ್ತ ಕಣ್ಣೊರೆಸಿಕೊಂಡು ಬಸ್ ಹತ್ತಬೇಕು. ಸ್ಟಾಫ್ ರೂಮಿನಲ್ಲಿ ಫಿಸಿಯೋಥೆರಪಿ ಎಂದು ಸುಳ್ಳು ಹೇಳಿದ್ದೆ. "ಕತ್ತು ಈಗ ಹೇಗಿದೆ ಮಿಸ್?" ಎಂದವರಿಗೆಲ್ಲ ಕತ್ತು ತಿರುಗಿಸಿ ತೋರಿಸುತ್ತಿದ್ದೆ.

ನಾಲ್ಕು ವಾರ ಹೆಡ್ ಮಿಸ್ಸನ್ನು ಬೈದು ಕಳೆದೆ. ಐದನೆಯ ವಾರ ಅಮ್ಮನ ಮಾತು ಬಂತು. ಅಮ್ಮ ವಸಂತಪುರದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಒಂಬತ್ತು ವರ್ಷದ ಹಿಂದೆ ನಾನು ಗಂಡನನ್ನು ಬಿಟ್ಟು ಬಂದೆ. ಅವತ್ತಿನಿಂದ ಜಯನಗರದ ನನ್ನ ಮನೆಯ ಹೊಸಿಲನ್ನು ಅಮ್ಮ ತುಳಿದಿಲ್ಲ. ನಾನೇ ಪ್ರತಿ ಭಾನುವಾರ ಸ್ಟೀಲ್ ಡಬ್ಬಿಯಲ್ಲಿ ಏನಾದರೂ ಮಾಡಿಕೊಂಡು ಹೋಗುತ್ತೇನೆ. ಅವರೆಕಾಯಿ ಕಾಲದಲ್ಲಾದರೆ ಹಿತಕಿದ ಬೇಳೆ ಸಾರು. ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸುವಷ್ಟರಲ್ಲಿ ಬೆರಳ ತುದಿ ಉರಿಯುತ್ತದೆ. ಅಮ್ಮನಿಗೆ ಅದೆಂದರೆ ಪ್ರಾಣ.

ಹಿಂದಿನ ವಾರದ ಡಬ್ಬಿಯನ್ನು ಅಮ್ಮ ತೊಳೆದು, ಒರೆಸಿ, ಖಾಲಿ ಕೊಡುತ್ತಾಳೆ. ಕೊಟ್ಟವರ ಪಾತ್ರೆಯನ್ನು ಖಾಲಿ ವಾಪಸ್ ಕಳಿಸಬಾರದು ಎಂದು ನನಗೆ ಕಲಿಸಿದವಳೇ ಅವಳು. ಸಿದ್ದಾಪುರದ ವಠಾರದಲ್ಲಿದ್ದಾಗ, ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲಿಗೆ, ನಮ್ಮಲ್ಲಿ ಏನೂ ಇಲ್ಲದ ದಿನವೂ, ಒಂದು ಚಿಟಿಕೆ ಸಕ್ಕರೆ ಹಾಕಿಯೇ ನನ್ನ ಕೈಲಿ ಕಳಿಸುತ್ತಿದ್ದಳು. ಈಗಲೂ ತಮ್ಮನ ಅಕ್ಕಪಕ್ಕದವರಿಗೆ ಹಾಗೇ ಮಾಡುತ್ತಾಳೆ. ಆ ಒಂದು ಚಿಟಿಕೆ ನನ್ನ ಡಬ್ಬಿಗೆ ಮಾತ್ರ ಇಲ್ಲ.

ಇದನ್ನೆಲ್ಲ ಹೇಳಿಕೊಂಡ ಮರುವಾರ ಥೆರಪಿಸ್ಟಿಗೂ ಒಂದು ಡಬ್ಬಿ ಸಾರು ತಗೊಂಡು ಹೋದೆ. ಅಷ್ಟೆಲ್ಲ ಕೇಳಿಸಿಕೊಂಡವಳ ಹತ್ತಿರ ಬರಿಗೈಯಲ್ಲಿ ಹೋಗುವುದು ಹೇಗೆ? ಟೀಪಾಯಿಯ ಮೇಲಿಟ್ಟೆ. ಮುಚ್ಚಿದ ಕೋಣೆಯ ತುಂಬ ಅವರೆಯ ಘಮ.

"ಇದನ್ನ ತರ್ಬೇಕು ಅಂತ ಅನ್ಸಿದಾಗ ಮನಸ್ಸಲ್ಲಿ ಏನಿತ್ತು?" ಎಂದಳು.

"ಏನಿರುತ್ತೆ? ಸಂಜೆವರೆಗೂ ಕೂತು ಸಾಕಾಗಿರುತ್ತೆ, ಊಟಕ್ಕಾಗ್ಲಿ ಅಂತ."

"ನಾನಿದನ್ನ ತಗೊಳ್ಳಲ್ಲ. ನೀವು ಇಲ್ಲಿಗೆ ಬರೋಕೆ ಏನೂ ತರ್ಬೇಕಾಗಿಲ್ಲ."

ಖಾಲಿ ಡಬ್ಬಿಯ ಅವಮಾನ ನನಗೆ ರೂಢಿಯಾಗಿತ್ತು. ತುಂಬಿದ ಡಬ್ಬಿಯೇ ವಾಪಸ್ ಬಂದದ್ದು ಅದೇ ಮೊದಲು. "ಏನ್ರೀ ನೀವು, ಮನುಷ್ಯರಾ? ಒಂದು ಡಬ್ಬಿ ತಗೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಕೂಗಿ, ಅರ್ಧಕ್ಕೇ ಎದ್ದು ಬಂದೆ. ಆ ಸಾರನ್ನು ಮನೆಯಲ್ಲಿ ಸಿಂಕಿಗೆ ಸುರಿದೆ. ಎರಡು ಗುರುವಾರ ಅತ್ತ ತಲೆ ಹಾಕಲಿಲ್ಲ.

ಮೂರನೆಯ ಗುರುವಾರ ಹೋದದ್ದು ಇನ್ನಷ್ಟು ಬೈಯುವುದಕ್ಕೇ. ಐದಕ್ಕೆ ಬಾಗಿಲು ತೆರೆಯಿತು, ಅದೇ ಕುರ್ಚಿ, ಅದೇ ಮುಖ. "ನನ್ನ ಮೇಲೆ ತುಂಬಾ ಕೋಪ ಬಂದಿರ್ಬೇಕು," ಎಂದಳು. ಬಾಯಿಗೆ ಬಂದಂತೆ ಬೈದೆ. ಅವಳು ಎದ್ದು ಹೋಗಲಿಲ್ಲ, ಮುಖ ಗಂಟಿಕ್ಕಲಿಲ್ಲ, ಕೂತೇ ಇದ್ದಳು. ನನ್ನ ಬಾಯಿಗೆ ಸಿಕ್ಕಿ ಹಾಗೆ ಕೂತವರನ್ನು ನಾನು ಕಂಡಿಲ್ಲ. ನಾನು ಸುಸ್ತಾದ ಮೇಲೆ ಕೇಳಿದಳು: "ಡಬ್ಬಿ ಇಲ್ದೆ ಅಮ್ಮನ ಮನೆಗೆ ಹೋದ್ರೆ ಏನಾಗುತ್ತೆ ಅಂತ ಅನ್ಸುತ್ತೆ?"

ಗಂಟಲಲ್ಲಿ ಅದೇ ಗಂಟು. ಐವತ್ತು ಮುಟ್ಟಿದ ಹೆಂಗಸು ನಾನು. ಅಮ್ಮನಿಗೆ ಬೇಕಾದದ್ದು ನಾನೋ ನನ್ನ ಸಾರೋ ಎಂಬುದು ನನಗೆ ಗೊತ್ತಿರಲಿಲ್ಲ. ಎಷ್ಟು ನಾಚಿಕೆಯಾಯಿತೆಂದರೆ ಉಳಿದ ಹತ್ತು ನಿಮಿಷ ನೆಲ ನೋಡಿಕೊಂಡು ಕೂತೆ.

ಆ ಭಾನುವಾರ ಬರಿಗೈಯಲ್ಲೇ ವಸಂತಪುರಕ್ಕೆ ಹೋದೆ. ತಮ್ಮನ ಮನೆಯವರೆಲ್ಲ ಯಾವುದೋ ಮದುವೆಗೆ ಹೋಗಿದ್ದರು. ಬಾಗಿಲು ತೆಗೆದ ಅಮ್ಮ ಮೊದಲು ನನ್ನ ಕೈ ನೋಡಿದಳು.

"ಡಬ್ಬಿ ಎಲ್ಲೇ?"

"ತಂದಿಲ್ಲಮ್ಮ. ಸುಮ್ನೆ ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಫೋನ್ ಮಾಡಿ ಹೇಳ್ಬಾರ್ದಿತ್ತಾ? ನೀನು ತರ್ತೀಯ ಅಂತ ಬರೀ ಅನ್ನ ಮಾಡ್ಕೊಂಡು ಕೂತಿದೀನಿ."

ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನೇ ಒಳಗೆ ಹೋಗಿ ಬೇಳೆ ತೊಳೆದು ಕುಕ್ಕರ್ ಇಟ್ಟೆ. ಇನ್ನೇನು ಮಾಡಲಿ, ಹಸಿದುಕೊಂಡು ಕೂತಿದ್ದಳು. ಊಟ ಮುಗಿಸಿ, "ಹುಳಿ ಜಾಸ್ತಿಯಾಯ್ತು," ಎಂದಳು. ಹೊರಡುವಾಗ ಹೋದ ವಾರದ ಡಬ್ಬಿಯನ್ನು ಕೈಗಿಟ್ಟಳು. "ಮರೀದೆ ತಗೊಂಡ್ಹೋಗು. ಮುಂದಿನ ವಾರಕ್ಕೆ ಬೇಕಲ್ಲ."

ಆಟೋ ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಾಗ ಮುಚ್ಚಳ ತೆಗೆದು ನೋಡಿದೆ. ತಳದಲ್ಲಿ ಬೆರಳಾಡಿಸಿದೆ. ಏನೂ ಇರಲಿಲ್ಲ. ಒಂಬತ್ತು ವರ್ಷದಿಂದ ಪ್ರತಿ ಭಾನುವಾರವೂ ಇಲ್ಲೇ ಎಲ್ಲೋ ದಾರಿಯಲ್ಲಿ ಹೀಗೆ ತೆಗೆದು ನೋಡುತ್ತೇನೆ. ಇದೊಂದನ್ನು ಥೆರಪಿಸ್ಟಿಗೂ ಹೇಳಿಲ್ಲ.