ತಂತಿಯಿಲ್ಲದ ಡಬಲ್ ಬಾಸ್

ಗರ್ರ್, ಗರ್ರ್ ಅಂತ ಮರದ ಮೇಲೆ ಉಪ್ಪು ಕಾಗದ ಉಜ್ಜುವ ಸದ್ದು. ಶಿಕಾರಿಪುರದ ಆ ಮನೆ ಅಂದರೆ ಈಗಲೂ ಮೊದಲು ನೆನಪಾಗುವುದು ಅದೇ. ದೆವ್ವ, ಮಾಟ ಎಲ್ಲ ನಾನ್‌ಸೆನ್ಸ್ ಅಂತ ಕಾನ್ವೆಂಟಿನಲ್ಲಿ ಕಲಿತವಳು ನಾನು. ಫ್ರ್ಯಾಂಕ್ ಆಗಿ ಹೇಳುತ್ತೇನೆ, ಇವತ್ತಿಗೂ ನಂಬುವುದಿಲ್ಲ. ಆದರೆ ಇದನ್ನು ಏನೆನ್ನಬೇಕೋ ತಿಳಿಯದು.

ಐವತ್ತರ ದಶಕದ ಕೊನೆ. ಮದುವೆಯಾಗಿ ವರ್ಷವಾಗಿರಲಿಲ್ಲ. ಆನವಟ್ಟಿಯಲ್ಲಿ ದಿವಾಳಿಯೆದ್ದ ಸರ್ಕಸ್ ಕಂಪನಿಯೊಂದು ಸಾಮಾನು ಮಾರುತ್ತಿತ್ತು. ಆಳೆತ್ತರದ ಪಿಟೀಲಿನಂಥ ಸೆಕೆಂಡ್‌ಹ್ಯಾಂಡ್ ಡಬಲ್ ಬಾಸ್ ತೀರಾ ಅಗ್ಗಕ್ಕೆ ಸಿಕ್ಕಿತು. ಸ್ಕೂಲ್ ಆರ್ಕೆಸ್ಟ್ರಾದಲ್ಲಿ ನಾನು ನುಡಿಸುತ್ತಿದ್ದ ವಾದ್ಯ. ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರ್, "ಏನಮ್ಮಾ, ಒಳಗೆ ಹೆಣ ಗಿಣ ಐತೇನು?" ಅಂದ. ನಾನು ನಕ್ಕೆ. ಮನೆಯಲ್ಲಿ ಅತ್ತೆ ನಗಲಿಲ್ಲ.

ತಿಂಗಳುಗಟ್ಟಲೆ ಕೂತು ಮುರಿದ ಕತ್ತು ಕೂಡಿಸಿದೆ, ಬಿರುಕಿಗೆ ಅಂಟು ಹಾಕಿದೆ, ಪಾಲಿಶ್ ಮಾಡಿದೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ತಂತಿ ಕಟ್ಟಿದ ದಿನ ಅತ್ತೆ ಮುಟ್ಟಿ ನೋಡಿ, "ಇದೆಂಥ ದಾರನೇ?" ಅಂದರು. ಹಿಂದೆ ಮುಂದೆ ಯೋಚಿಸದೆ, "ಕುರಿ ಕರುಳು, ಅವ್ವ" ಅಂದುಬಿಟ್ಟೆ.

"ಲಿಂಗಪೂಜೆ ಮಾಡೋ ಮನೇಲಿ ಕರುಳು ಕಟ್ಟಿದೀಯಲ್ಲೇ! ಇಂಗ್ಲೀಷ್ ಕಲಿತೆ, ಬುದ್ಧಿ ಕಲೀಲಿಲ್ಲ." ಮಗನ ಕಡೆ ತಿರುಗಿ, "ಬಿಚ್ಚಿಸ್ತೀಯೋ, ನಾನು ಊಟ ಬಿಡ್ಲೋ?" ಅಂದರು. ಯಜಮಾನರು ನನ್ನ ಮುಖ ನೋಡದೆ ನಾಲ್ಕೂ ತಂತಿ ಕತ್ತರಿಸಿ ತಿಪ್ಪೆಗೆ ಎಸೆದರು.

ಮರುದಿನ ಬೆಳಿಗ್ಗೆ ಅವರು ಅಂಗಡಿಗೆ ಹೋದ ಮೇಲೆ ಬಾಗಿಲಿಗೆ ಅಗಳಿ ಹಾಕಿದೆ. ಅಡುಗೆಮನೆಯಲ್ಲಿ ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದರು. ನಾನು ಅವರ ಎದುರಿಗೇ ರೊಟ್ಟಿ ತಟ್ಟುತ್ತಿದ್ದೆ. ಪಡಸಾಲೆಯಿಂದ ಒಂದೇ ಒಂದು ಸ್ವರ ಬಂತು. ಅತಿ ದಪ್ಪ ತಂತಿಯದು, ಕಮಾನು ಎಳೆದ ಹಾಗೆ ಉದ್ದಕ್ಕೆ. ಕಿವಿಗಿಂತ ಮೊದಲು ಹಲ್ಲಿಗೆ ತಿಳಿಯಿತು. ತಂಬಿಗೆಯ ನೀರು ನಡುಗಿತು. ಇಬ್ಬರೂ ಓಡಿದೆವು. ಹಾಕಿದ ಅಗಳಿ ಹಾಗೇ ಇತ್ತು. ಬಾಸ್ ಗೋಡೆಗೆ ಒರಗಿತ್ತು, ಬೋಳಾಗಿ. ಮುಟ್ಟಿದೆ. ಮರ ಇನ್ನೂ ಅದುರುತ್ತಿತ್ತು. ಅಂಟು ಬಿಟ್ಟ ಮರ ಕಿರ್ ಅನ್ನುತ್ತದೆ, ಗೊತ್ತು. ಸ್ವರ ಹಿಡಿಯುವುದಿಲ್ಲ.

ಮಧ್ಯಾಹ್ನದೊಳಗೆ ಅತ್ತೆ ಅದನ್ನು ಸೀಳಿಸಿ ಬಚ್ಚಲ ಒಲೆಗೆ ಹಾಕಿಸಿದರು. ಕೇರಿಗೆಲ್ಲ, "ನಮ್ಮ ಸೊಸೆಯದೇ ಕಿತಾಪತಿ" ಅಂತ ಸಾರಿದರು. ನನ್ನ ಎರಡೂ ಕೈ ಹಿಟ್ಟಿನಲ್ಲಿದ್ದದ್ದನ್ನು ನೋಡಿದವರು ಅವರೊಬ್ಬರೇ.

ಎಷ್ಟೋ ವರ್ಷದ ಮೇಲೆ ಅತ್ತೆ ಸೊರಬದಲ್ಲಿ, ಮಗಳ ಮನೆಯಲ್ಲಿ ಹಾಸಿಗೆ ಹಿಡಿದರು. ನೋಡಲು ಹೋದಾಗ ಎಲ್ಲರನ್ನೂ ಆಚೆ ಕಳಿಸಿ ನನ್ನ ಮಣಿಕಟ್ಟು ಹಿಡಿದುಕೊಂಡರು. "ಅವತ್ತು ನೀನೇ ಮಾಡಿದ್ದು ಅನ್ನೇ. ಸುಳ್ಳಾದ್ರೂ ಅಡ್ಡಿಯಿಲ್ಲ, ಅಂದ್ಬಿಡು."

ಅನ್ನಬಹುದಿತ್ತು. "ನಾನಲ್ಲ, ಅವ್ವ" ಅಂದೆ. ಅವರು ಕೈ ಬಿಟ್ಟು ಗೋಡೆ ಕಡೆ ಹೊರಳಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.